ಮಾವನವರ ಪೆಪ್ಪರ್‌ಮಿಂಟ್ ಡಬ್ಬಿ

ನಮ್ಮ ಮಾವನವರ ಬಾಯಲ್ಲಿರುವ ಅಷ್ಟೂ ಹಲ್ಲುಗಳನ್ನು ಕಟ್ಟಿದವಳು ನಾನು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ಆ ಅಚ್ಚಿನ ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಬೇಯಿಸಿ, ಉಜ್ಜಿ, ಹೊಳಪು ಕೊಡುವುದು ನನ್ನ ಕೆಲಸ. ಹಾಗೆ ನಾನು ಹೊಳಪು ಕೊಟ್ಟ ಹಲ್ಲುಗಳನ್ನೇ ಕಿರಿದುಕೊಂಡು ಅವರು ಸಭೆಯಿಂದ ಸಭೆಗೆ ಹೋಗಿ, "ಮನಸ್ಸಿಗೆ ಮಾತ್ರೆ ನುಂಗೋನು ಮನುಷ್ಯನೇ ಅಲ್ಲ" ಎಂದು ಗುಡುಗುತ್ತಿದ್ದರು. ಮನಸ್ಸಿಗೆ ಮಾತ್ರೆ ನುಂಗುವವಳು ಅವರ ಮನೆಯಲ್ಲೇ ಇದ್ದಳು. ಅವಳೂ ನಾನೇ.

ಹೆಡ್‌ಮಾಸ್ಟರ್ ಆಗಿದ್ದವರು ನಿವೃತ್ತರಾದ ಮೇಲೆ ಸುಮ್ಮನೆ ಮನೆಯಲ್ಲಿ ಪೇಪರ್ ಓದಿಕೊಂಡು ಇರಬಾರದೇ? ಇಲ್ಲ. ಅವರು 'ಮನೋಬಲ' ಎಂಬ ವಿಷಯ ಹಿಡಿದುಕೊಂಡರು. ನಿವೃತ್ತರ ಸಂಘದಲ್ಲಿ ಮನೋಬಲ, ಮಹಿಳಾ ಕ್ಲಬ್ಬಿನಲ್ಲಿ ಮನೋಬಲ, ಯಾರದೋ ಅಂಗಡಿ ಉದ್ಘಾಟನೆಗೆ ಕರೆದರೆ ಅಲ್ಲೂ ಮನೋಬಲ. ಬೆಳಿಗ್ಗೆ ಬೇಗ ಎದ್ದು ತಣ್ಣೀರು ಸ್ನಾನ ಮಾಡಿದರೆ ಯಾವ ದುಃಖವೂ ಹತ್ತಿರ ಸುಳಿಯುವುದಿಲ್ಲವಂತೆ. ಸ್ವತಃ ಬಿಸಿನೀರಿಲ್ಲದೆ ಕಾಲುಬೆರಳೂ ಒದ್ದೆ ಮಾಡಿಕೊಳ್ಳದವರು ಇದನ್ನು ಹೇಳುವಾಗ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಮನಸ್ಸಿನಲ್ಲೇ ಅವರಿಗೆ 'ಮನೋಬಲ' ಎಂದು ಹೆಸರಿಟ್ಟಿದ್ದೆ. ಎದುರಿಗೆ ಮಾತ್ರ "ಮಾವ, ಕಾಫಿ."

ಆ ಭಾಷಣಗಳಲ್ಲಿ ನಾನೂ ಒಂದು ಉದಾಹರಣೆ. "ನನಗೆ ಗೊತ್ತಿರೋ ಒಬ್ಬ ಹೆಣ್ಣುಮಗಳು" ಎಂದು ಶುರು ಮಾಡುತ್ತಿದ್ದರು. ಗೊತ್ತಿರುವವಳಂತೆ! ಅವರ ಒಗೆದ ಪಂಚೆ ಮಡಿಸಿಡುವವಳು, ಅವರ ಬಾಯಿಗೆ ಹಲ್ಲು ಕಟ್ಟಿದವಳು ಗೊತ್ತಿಲ್ಲದೆ ಇರುತ್ತಾಳೆಯೇ. ಸಭೆಯ ಮುಂದಿನ ಸಾಲಿನಲ್ಲಿ ನಮ್ಮ ಅತ್ತೆ ಕೂತು ತಲೆಯಾಡಿಸುತ್ತಿದ್ದರು. ಹೊಟ್ಟೆಯಲ್ಲೇ ಮಗು ಹೋದ ವರ್ಷ ನಾನು ಹಾಸಿಗೆ ಬಿಟ್ಟು ಏಳಲಾರದೆ ಬಿದ್ದಿದ್ದಾಗ, ಬಾಚಣಿಗೆ ಎತ್ತಿಕೊಳ್ಳುವುದಕ್ಕೂ ಕೈ ಬಾರದಿದ್ದಾಗ, ನನ್ನನ್ನು ಮತ್ತೆ ಮನುಷ್ಯಳನ್ನಾಗಿ ಮಾಡಿದ್ದು ಮನೋವೈದ್ಯೆ ಬರೆದುಕೊಟ್ಟ ಆ ಮಾತ್ರೆ. ಮಾವನವರ ಬಾಯಲ್ಲಿ ಅದು "ಸೋಮಾರಿಗಳ ಊರುಗೋಲು".

ಒಮ್ಮೆ ಅವರ ಮಾತಿಗೆ ಮರುಳಾಗಿ ನನ್ನ ಗಂಡ ಔಷಧಿ ತರುವುದನ್ನೇ ನಿಲ್ಲಿಸಿದರು. "ಒಂದು ವಾರ ಬಿಟ್ಟು ನೋಡು, ಅಪ್ಪ ಹೇಳೋದ್ರಲ್ಲೂ ಏನೋ ಇರಬಹುದು" ಎಂದರು. ಬಿಟ್ಟು ನೋಡಿದೆ. ತಲೆಯೊಳಗೆ ಕರೆಂಟು ಹೊಡೆದ ಹಾಗೆ ಜುಂ ಜುಂ. ನಡೆದರೆ ನೆಲ ಓಲಾಡುತ್ತಿತ್ತು. ಪಕ್ಕದ ಮನೆಯ ಬಾಗಿಲು ಬಡಿದುಕೊಂಡರೆ ಅಳು ಬರುತ್ತಿತ್ತು. ಕೊನೆಗೆ ನಾನೇ ಆಟೋ ಹತ್ತಿ ಡಾಕ್ಟರ ಹತ್ತಿರ ಹೋದೆ. "ಇದನ್ನ ಬಿಡಬೇಕಾದ್ರೆ ಸ್ವಲ್ಪ ಸ್ವಲ್ಪವೇ ಬಿಡಬೇಕು ಕಣಮ್ಮ, ಅದೂ ನನ್ನ ಕೇಳಿ. ನಿಮ್ಮ ಮಾವನ್ನ ಕೇಳಿ ಅಲ್ಲ" ಎಂದರು. ನನ್ನ ಗಂಡನದು ಕನ್ನಡಕದ ಅಂಗಡಿ. ಬೀದಿಯಲ್ಲಿ ಹೋಗುವವರಿಗೆಲ್ಲ ಕಣ್ಣು ಕಾಣುವ ಹಾಗೆ ಮಾಡುವ ಮನುಷ್ಯನಿಗೆ ಹೆಂಡತಿ ಗೋಡೆ ಹಿಡಿದುಕೊಂಡು ನಡೆಯುವುದು ಕಂಡಿರಲಿಲ್ಲ.

ಇರಲಿ, ಡಬ್ಬಿಯ ವಿಷಯಕ್ಕೆ ಬರುತ್ತೇನೆ. ಮಾವನವರ ಕೋಟಿನ ಎಡಗಡೆ ಜೇಬಿನಲ್ಲಿ ಸದಾ ಒಂದು ತಗಡಿನ ಡಬ್ಬಿ ಇರುತ್ತಿತ್ತು, ಗಂಟಲಿಗೆ ಹಾಕಿಕೊಳ್ಳುವ ಪೆಪ್ಪರ್‌ಮಿಂಟಿನದು. ಭಾಷಣಕ್ಕೆ ಮೊದಲು ಮುಖ ಆಚೆ ತಿರುಗಿಸಿ ಅದರಿಂದ ಏನೋ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಸಂಘದ ಕಾರ್ಯದರ್ಶಿ ಒಮ್ಮೆ ಕೆಮ್ಮುತ್ತಾ, "ಸರ್, ನಂಗೂ ಒಂದು ಕೊಡಿ" ಎಂದು ಕೈ ಚಾಚಿದಾಗ ಡಬ್ಬಿಯನ್ನು ಹಾಗೆಯೇ ಜೇಬಿಗಿಳಿಸಿ, "ಖಾಲಿ ಆಯ್ತಲ್ಲ" ಎಂದರು. ಪೆಪ್ಪರ್‌ಮಿಂಟಿಗೂ ಜಿಪುಣತನವೇ ಎಂದು ನಾನು ಆಗ ನಕ್ಕಿದ್ದೆ.

ಇನ್ನೊಂದು ವಿಚಿತ್ರ. ಹೊಸದಾಗಿ ಕಟ್ಟಿಕೊಟ್ಟ ಹಲ್ಲಿನ ಸೆಟ್ಟು ಅವರ ಬಾಯಲ್ಲಿ ವರ್ಷ ತುಂಬುವಷ್ಟರಲ್ಲಿ ಸವೆದು ಚಪ್ಪಟೆಯಾಗುತ್ತಿತ್ತು. ಕೂತಲ್ಲೇ ಹಲ್ಲು ಕಡಿಯುತ್ತಿದ್ದರು. ನಾನು ಮಾತ್ರೆ ಶುರು ಮಾಡಿದ ಹೊಸದರಲ್ಲಿ ಹೀಗೆಯೇ ದವಡೆ ಬಿಗಿದು ಹಲ್ಲು ಕಡಿಯುತ್ತಿದ್ದೆ, ಆಮೇಲೆ ಡಾಕ್ಟರಿಗೆ ಹೇಳಿ ಸರಿಮಾಡಿಸಿಕೊಂಡೆ. ಆದರೆ ಮನೋಬಲದವರ ವಿಷಯದಲ್ಲಿ ಅಂಥದೊಂದು ಅನುಮಾನ ಯಾರಿಗೆ ತಾನೇ ಬಂದೀತು? "ನಿನ್ನ ಕೈಗುಣ ಸರಿ ಇಲ್ಲ. ಗಟ್ಟಿ ಸಾಮಾನು ಹಾಕೋಕೂ ಬರಲ್ವಾ?" ಎಂದು ಅವರು ನನ್ನನ್ನೇ ಬೈದರು. ನಾನು ಹಲ್ಲು ಕಚ್ಚಿಕೊಂಡು ಮತ್ತೆ ಹೊಸದು ಕಟ್ಟಿಕೊಟ್ಟೆ.

ಅನಾಹುತ ಶುರುವಾಗಿದ್ದು ಅವರ ಫೋಟೋದಿಂದ. ಯಾವುದೋ ಸಂಘ ಸನ್ಮಾನ ಮಾಡಿ ಅವರದೇ ಫೋಟೋಕ್ಕೆ ಕಟ್ಟು ಹಾಕಿಸಿ ಕೊಟ್ಟಿತ್ತು. ತಮ್ಮ ಫೋಟೋವನ್ನು ತಾವೇ ಗೋಡೆಗೆ ಹಾಕಲು ಸ್ಟೂಲ್ ಹತ್ತಿ, ಇಳಿಯುವಾಗ ಸೊಂಟ ಉಳುಕಿಸಿಕೊಂಡರು. ಫೋಟೋಕ್ಕೆ ಏನೂ ಆಗಲಿಲ್ಲ. ಎರಡು ದಿನದಲ್ಲಿ ದೊಡ್ಡ ಸಭೆಯಿತ್ತು. ನಾನು, ಅತ್ತೆ, ನನ್ನ ಗಂಡ ಮೂವರೂ ಸೇರಿ ಅವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆವು.

ಅಲ್ಲಿನ ಡಾಕ್ಟರು ಸೊಂಟ ಒತ್ತಿ ನೋಡಿ, "ನೋವು ಜಾಸ್ತಿ ಇದೆ, ಸ್ವಲ್ಪ ಗಟ್ಟಿ ಮಾತ್ರೆ ಕೊಡ್ತೀನಿ. ಬೇರೆ ಏನಾದ್ರೂ ತಗೊಳ್ತಿದ್ದೀರಾ? ನಿದ್ದೆಗೆ, ಮನಸ್ಸಿಗೆ, ಖಿನ್ನತೆಗೆ? ಇದ್ರೆ ಹೇಳಿ, ಅದೂ ಇದೂ ಒಟ್ಟಿಗೆ ಆಗಲ್ಲ" ಎಂದು ಕೇಳಿದರು.

ಮಾವನವರು ಸೊಂಟದ ನೋವು ಮರೆತು ನೆಟ್ಟಗೆ ಕೂತರು. "ನಾನಾ? ಮನಸ್ಸಿಗೆ ಮಾತ್ರೆನಾ? ಡಾಕ್ಟ್ರೇ, ನೀವು ನನ್ನ ಒಂದು ಭಾಷಣನೂ ಕೇಳಿಲ್ಲ ಅಂತ ಕಾಣುತ್ತೆ."

"ಕೇಳಿಲ್ಲ. ತಗೊಳ್ತೀರೋ ಇಲ್ವೋ ಅಷ್ಟು ಹೇಳಿ."

"ಅದೆಲ್ಲ ನಮ್ಮನೇಲಿ ಇವಳಿಗೆ" ಎಂದು ಗದ್ದದಲ್ಲೇ ನನ್ನನ್ನು ತೋರಿಸಿದರು. ಕಾಯುತ್ತಿದ್ದ ಬೆಂಚಿನವರೆಲ್ಲ ತಿರುಗಿ ನನ್ನನ್ನು ನೋಡಿದರು. ನನಗೆ ಮೈಯೆಲ್ಲ ಉರಿಯಿತು. ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟರು.

ನಮ್ಮ ಅತ್ತೆಯದು ಇನ್ನೊಂದು ಸಾಹಸ. ಅಡುಗೆಮನೆಯ ಕಪಾಟಿನಲ್ಲಿ ಅವರದೊಂದು ದೊಡ್ಡ ಪ್ಲಾಸ್ಟಿಕ್ ಡಬ್ಬ ಇದೆ. ಮನೆಯವರಿಗೆ, ನೆಂಟರಿಗೆ, ಅಕ್ಕಪಕ್ಕದವರಿಗೆ ಎಂದೋ ಬರೆದುಕೊಟ್ಟು ಉಳಿದ ಮಾತ್ರೆ, ಟಾನಿಕ್ಕು, ಮುಲಾಮು ಎಲ್ಲ ಅದರೊಳಗೆ. ಯಾರಾದರೂ ಸೀನಿದರೆ ಸಾಕು, ಅತ್ತೆ ಡಬ್ಬ ತೆಗೆದು ತಡಕಾಡುತ್ತಾರೆ. "ಇದು ನಮ್ಮಣ್ಣನಿಗೆ ಕೊಟ್ಟಿದ್ದು, ಒಂದೇ ಸಲಕ್ಕೆ ನಿಂತೋಯ್ತು" ಎನ್ನುತ್ತಾ ಬಾಯಿಗೆ ಸುರಿಯುತ್ತಾರೆ. ಮಾವನವರ ಗಂಟಲು ಸ್ವಲ್ಪ ಕೆರೆಯುತ್ತಿತ್ತು. ಸಭೆಯ ದಿನ ಬೆಳಿಗ್ಗೆ, ವೇದಿಕೆಯಲ್ಲಿ ಕೆಮ್ಮಬಾರದು ಎಂದು ಅತ್ತೆ ಹಳೆಯ ಕೆಮ್ಮಿನ ಸಿರಪ್ಪು ಹುಡುಕಿ ಧಾರಾಳವಾಗಿ ಕುಡಿಸಿದರು. "ಅತ್ತೆ, ಡಾಕ್ಟ್ರನ್ನ ಒಂದು ಮಾತು ಕೇಳಿ" ಎಂದೆ. "ಕೆಮ್ಮಿಗೂ ಡಾಕ್ಟ್ರಾ? ನಿನ್ನ ಹಾಗೆ ಎಲ್ಲದಕ್ಕೂ ಓಡೋರಲ್ಲ ನಾವು" ಎಂದರು. ನಾನು ಲ್ಯಾಬಿಗೆ ಹೋದೆ.

ಮಧ್ಯಾಹ್ನ ನಾನು ಮನೆಗೆ ಬರುವಷ್ಟರಲ್ಲಿ ಕಾರ್ಯದರ್ಶಿ ಕಾರು ತಂದು ನಿಲ್ಲಿಸಿದ್ದರು. ಮಾವನವರು ಕೋಟು ಹಾಕಿಕೊಂಡು ರೂಮಿನಿಂದ ಹೊರಗೆ ಬಂದರು. ಮುಖದ ತುಂಬ ಬೆವರು ಇಳಿಯುತ್ತಿತ್ತು. ಕೈ ನಡುಗುತ್ತಿತ್ತು. ಕೊಡೆ ನೇತುಹಾಕುವ ಸ್ಟ್ಯಾಂಡಿನ ಮುಂದೆ ನಿಂತು, "ಮಾನ್ಯ ಅಧ್ಯಕ್ಷರೇ" ಎಂದು ಭಾಷಣ ಶುರು ಮಾಡಿಬಿಟ್ಟರು.

"ಸರ್ ರಿಹರ್ಸಲ್ ಮಾಡ್ತಿದ್ದಾರೆ" ಎಂದು ಕಾರ್ಯದರ್ಶಿ ಭಕ್ತಿಯಿಂದ ಕೈ ಕಟ್ಟಿ ನಿಂತರು. ಅಂಥ ಮಂಕುದಿಣ್ಣೆಯನ್ನು ನಾನು ಬೇರೆ ನೋಡಿಲ್ಲ.

ಅಧ್ಯಕ್ಷರೇ ಎಂಬ ಮಾತು ಮುಂದಕ್ಕೆ ಹೋಗಲಿಲ್ಲ. ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ಕಾಲು ತಾನಾಗಿ ಜಗ್ಗಿ ಜಗ್ಗಿ ಬೀಳುತ್ತಿತ್ತು. ಕಣ್ಣಿನ ಪಾಪೆ ಅಗಲವಾಗಿತ್ತು. ಮೈ ಮುಟ್ಟಿದರೆ ಕೆಂಡ. ಅತ್ತೆ, "ಚಳಿಜ್ವರ ಕಣೋ, ಕಂಬಳಿ ತಾ" ಎಂದು ಕೂಗಿದರು. ಬೇಯುತ್ತಿರುವ ಮನುಷ್ಯನಿಗೆ ಕಂಬಳಿ! ನನ್ನ ಗಂಡ ಕಂಬಳಿ ತರಲು ಓಡಿದರು. ನಾನು ಕಾರ್ಯದರ್ಶಿಯ ತೋಳು ಹಿಡಿದು, "ಸಭೆ ಹಾಳಾಗಿ ಹೋಗಲಿ, ಕಾರು ಆಸ್ಪತ್ರೆಗೆ ತಿರುಗಿಸಿ" ಎಂದೆ.

ತುರ್ತು ವಿಭಾಗದಲ್ಲಿ ಹಸಿರು ಪರದೆಯ ಹಿಂದೆ ಅವರನ್ನು ಮಲಗಿಸಿದರು. ಡ್ಯೂಟಿ ಡಾಕ್ಟರು ನಾಡಿ ಹಿಡಿಯುತ್ತಲೇ, "ಏನೇನು ಔಷಧಿ ತಗೊಂಡಿದ್ದಾರೆ?" ಎಂದು ಕೇಳಿದರು.

"ಏನೂ ಇಲ್ಲ, ಸೊಂಟಕ್ಕೆ ನೋವಿನ ಮಾತ್ರೆ ಒಂದೇ" ಎಂದರು ಅತ್ತೆ. ಸಿರಪ್ಪಿನ ಮಾತೇ ಇಲ್ಲ. "ಕೆಮ್ಮಿನ ಸಿರಪ್ಪೂ ಕುಡಿಸಿದ್ದಾರೆ, ಎಂದಿನದೋ ಹಳೇದು" ಎಂದು ನಾನು ಸೇರಿಸಿದೆ. ಅತ್ತೆ ನನ್ನತ್ತ ಕಣ್ಣು ಬಿಟ್ಟರು.

"ಮನಸ್ಸಿಗೆ ಸಂಬಂಧಪಟ್ಟಿದ್ದು?"

"ಛೆ ಛೆ" ಎಂದರು ಕಾರ್ಯದರ್ಶಿ. ಅವರನ್ನು ಯಾರೂ ಕೇಳಿರಲಿಲ್ಲ.

ಮಾವನವರು ಸೊಂಟ ಹಿಡಿದು ನರಳುತ್ತಿದ್ದರು. ಡಾಕ್ಟರು ನರ್ಸಿಗೆ ನೋವಿನ ಇಂಜೆಕ್ಷನ್ನಿನ ಹೆಸರು ಹೇಳಿದರು. ನರ್ಸು ಸಿರಿಂಜು ತೆಗೆಯುತ್ತಾ, "ದವಡೆ ಅದುರ್ತಾ ಇದೆ, ಹಲ್ಲಿನ ಸೆಟ್ ತೆಗೀರಿ ಯಾರಾದ್ರೂ, ಗಂಟಲಿಗೆ ಸಿಕ್ಕೊಂಡ್ರೆ ಕಷ್ಟ" ಎಂದರು. ತಂದೆಯ ಬಾಯಿಗೆ ಕೈ ಹಾಕಲು ಮಗನಿಗೆ ಅಸಹ್ಯ, ಅತ್ತೆ ಹಿಂದೆ ಸರಿದರು. ನನಗೇನು, ನಾನೇ ಕಟ್ಟಿದ ಹಲ್ಲು. ಬೆರಳು ಹಾಕಿ ಮೇಲಿನದೂ ಕೆಳಗಿನದೂ ತೆಗೆದೆ. ಎಲ್ಲಿಡುವುದು ಎಂದು ಸುತ್ತ ನೋಡಿದರೆ ಅವರ ಕೋಟಿನ ಜೇಬಿನಲ್ಲಿ ಆ ಡಬ್ಬಿ ಇತ್ತು. ಪೆಪ್ಪರ್‌ಮಿಂಟು ಸುರಿದು ಹಲ್ಲು ಇಡೋಣವೆಂದು ಮುಚ್ಚಳ ತೆಗೆದೆ.

ಮೇಲೆ ಪೆಪ್ಪರ್‌ಮಿಂಟು. ಕೆಳಗೆ ಕಾಗದ. ಕಾಗದದ ಕೆಳಗೆ ಹಾಳೆ ಸಮೇತ ಕತ್ತರಿಯಲ್ಲಿ ಒಂದೊಂದಾಗಿ ಕತ್ತರಿಸಿದ ಮಾತ್ರೆಗಳು. ಹಿಂಬದಿಯ ಹಾಳೆಯ ಮೇಲೆ ಹಸಿರು ಗೆರೆ. ನಾನು ದಿನಾ ಬೆಳಿಗ್ಗೆ ಒಡೆಯುವ ಅದೇ ಹಾಳೆ, ಅದೇ ಮಾತ್ರೆ.

ಮಂಚದ ಮೇಲಿಂದ ಒಂದು ಕೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಮಾವನವರಿಗೆ ಅಷ್ಟು ಎಚ್ಚರವಿತ್ತು. ಹಲ್ಲಿಲ್ಲದ ಬಾಯಿ ಗುಳಿಬಿದ್ದಿತ್ತು. "ಬೇಡಮ್ಮ" ಎಂದರು. ಅಷ್ಟು ವರ್ಷದಲ್ಲಿ ಒಮ್ಮೆಯೂ ನನ್ನನ್ನು ಅಮ್ಮ ಎಂದವರಲ್ಲ.

ನನಗೆ ಕನಿಕರ ಬರಲಿಲ್ಲ. ಅಸಹ್ಯವಾಯಿತು. ಪ್ರಾಣ ಹೋಗುವುದಕ್ಕೆ ತಯಾರು, ಕಾರ್ಯದರ್ಶಿಯ ಮುಂದೆ ಮುಖ ಚಿಕ್ಕದಾಗುವುದಕ್ಕೆ ತಯಾರಿಲ್ಲ. ಥೂ, ಇಂಥ ಮಾನವೂ ಒಂದು ಮಾನವೇ ಅನ್ನಿಸಿತು. ಕೈ ಕೊಡವಿಕೊಂಡು, ಅವರು ಸಭೆಯಲ್ಲಿ ಮಾತಾಡುವಷ್ಟೇ ಜೋರಾಗಿ ಹೇಳಿದೆ. "ಡಾಕ್ಟ್ರೇ, ಇಂಜೆಕ್ಷನ್ ನಿಲ್ಲಿಸಿ. ಇವರು ಖಿನ್ನತೆಗೆ ಮಾತ್ರೆ ತಗೊಳ್ತಾರೆ. ಇಲ್ಲಿದೆ ನೋಡಿ, ಇವರ ಜೇಬಲ್ಲೇ ಇತ್ತು."

ನರ್ಸಿನ ಕೈ ಅಲ್ಲೇ ನಿಂತಿತು. ಡಾಕ್ಟರು ಡಬ್ಬಿ ಕಸಿದುಕೊಂಡು ನೋಡಿ, ಮಾವನವರ ಮುಖದ ಹತ್ತಿರ ಬಾಗಿದರು. "ಇವತ್ತು ಎಷ್ಟು ತಗೊಂಡ್ರಿ? ನಿಜ ಹೇಳಿ." ಮಾವನವರು ಕಣ್ಣು ಮುಚ್ಚಿಕೊಂಡು, ದಿನದ್ದಕ್ಕಿಂತ ಹೆಚ್ಚು ಎಂದು ಸನ್ನೆ ಮಾಡಿದರು. ಭಾಷಣದ ದಿನ ಧೈರ್ಯಕ್ಕೆಂದು ಹೆಚ್ಚಿಗೆ ನುಂಗುವುದು ಅವರ ಅಭ್ಯಾಸವಾಗಿತ್ತಂತೆ.

"ಇದೇನು ಧೈರ್ಯದ ಮಾತ್ರೆ ಅಂದ್ಕೊಂಡ್ರಾ?" ಡಾಕ್ಟರಿಗೆ ಸಿಟ್ಟು ಬಂದಿತ್ತು. ನಮ್ಮ ಕಡೆ ತಿರುಗಿ ಬೇಗ ಬೇಗ ಹೇಳಿದರು. ಈ ಮಾತ್ರೆ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಸವನ್ನು ಹೆಚ್ಚಿಸುತ್ತದೆ. ಆ ನೋವಿನ ಮಾತ್ರೆಯೂ ಅದನ್ನೇ ಹೆಚ್ಚಿಸುತ್ತದೆ, ಕೆಲವು ಕೆಮ್ಮಿನ ಸಿರಪ್ಪುಗಳೂ ಅಷ್ಟೇ. ಎಲ್ಲ ಒಟ್ಟಿಗೆ ಸೇರಿದರೆ ಮೈ ಸುಡುತ್ತದೆ, ನರ ಜಗ್ಗುತ್ತದೆ, ತಡವಾದರೆ ಜೀವಕ್ಕೇ ಕುತ್ತು ಬರುತ್ತದೆ. "ಈ ಇಂಜೆಕ್ಷನ್ನೂ ಅದೇ ಜಾತಿದು. ಕೊಟ್ಟಿದ್ರೆ ಮುಗೀತಿತ್ತು" ಎಂದು ಅದನ್ನು ಟ್ರೇಗೆ ಎಸೆದರು. ಅವರನ್ನು ಐಸಿಯುಗೆ ತಳ್ಳಿಕೊಂಡು ಹೋದರು. ಕಾರ್ಯದರ್ಶಿ ಯಾರಿಗೂ ಹೇಳದೆ ಜಾಗ ಖಾಲಿ ಮಾಡಿದ್ದರು.

ಮಾವನವರು ಉಳಿದರು. ಐಸಿಯುನಿಂದ ವಾರ್ಡಿಗೆ ಬಂದ ದಿನ ಹಲ್ಲು ಹಾಕಿಕೊಂಡರು, ಕನ್ನಡಕ ಹಾಕಿಕೊಂಡರು, ಆಮೇಲೆ ಒಂದು ಕಥೆ ಕಟ್ಟಿದರು. ಆ ಮಾತ್ರೆ ಅವರದಲ್ಲವಂತೆ, ಸೊಸೆಯದಂತೆ. ಸೊಸೆ ಎಲ್ಲೆಂದರಲ್ಲಿ ಬಿಸಾಡುತ್ತಾಳಂತೆ, ಮನೆಯಲ್ಲಿ ಯಾರ ಕೈಗೂ ಸಿಗದಿರಲೆಂದು ಅವರು ಎತ್ತಿ ಡಬ್ಬಿಯಲ್ಲಿಟ್ಟಿದ್ದರಂತೆ. ಕಣ್ಣು ಮಂಜಾಗಿ ಪೆಪ್ಪರ್‌ಮಿಂಟ್ ಎಂದುಕೊಂಡು ನುಂಗಿದರಂತೆ. ಎಚ್ಚರವಿಲ್ಲದಾಗ ಡಾಕ್ಟರಿಗೆ ಏನು ಸನ್ನೆ ಮಾಡಿದರೋ ಅವರಿಗೇ ನೆನಪಿಲ್ಲವಂತೆ. ಹಸಿ ಹಸಿ ಸುಳ್ಳು. ಅದನ್ನು ನಾನು ಪಕ್ಕದಲ್ಲಿ ಸೇಬು ಹೆಚ್ಚುತ್ತಾ ಕೂತಿರುವಾಗಲೇ ಹೇಳಿದರು!

"ಅಯ್ಯೋ ನನ್ನ ಮನೆ ಹಾಳಿ!" ಎಂದು ಅತ್ತೆ ನನ್ನ ಮೇಲೆ ಹಾರಿಬಿದ್ದರು. "ನನ್ನ ತಾಳಿಗೇ ಸಂಚಕಾರ ತರೋಳಿದ್ದೆಯಲ್ಲೇ!"

"ಅದು ನನ್ನದಲ್ಲ" ಎಂದು ನನ್ನ ಗಂಡನ ಮುಖ ನೋಡಿದೆ. ಅವರಿಗೆ ನಿಜ ಗೊತ್ತಿತ್ತು. ನನ್ನ ಮಾತ್ರೆ ನನ್ನ ಬ್ಯಾಗಿನ ಒಳಜಿಪ್ಪಿನಲ್ಲಿ ಬಿಟ್ಟು ಬೇರೆಲ್ಲೂ ಇರುವುದಿಲ್ಲವೆಂದು ಚೆನ್ನಾಗಿ ಗೊತ್ತಿತ್ತು. ಹೊರಗೆ ಕಾರಿಡಾರಿಗೆ ಕರೆದು, "ಅಪ್ಪ ಈಗ ನಿತ್ರಾಣವಾಗಿದ್ದಾರೆ. ಸದ್ಯಕ್ಕೆ ಬಿಟ್ಟುಬಿಡು. ನಿಂಗೇನು, ನೀನು ತಗೊಳ್ಳೋದು ಹೇಗೂ ಎಲ್ಲರಿಗೂ ಗೊತ್ತಿರೋದೇ" ಎಂದರು.

"ಬೆನ್ನುಮೂಳೆ ಕಟ್ಟೋಕೂ ಬಂದಿದ್ರೆ ನಿಮಗೆ ಒಂದು ಕಟ್ಟಿಕೊಡ್ತಿದ್ದೆ" ಎಂದು ಹೇಳಿ ಬಸ್ಸು ಹತ್ತಿದೆ.

ಮನೆಗೆ ಬಂದ ಮೇಲೆ ಅತ್ತೆ ನನ್ನ ಮಾತ್ರೆಗಳನ್ನು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೀಗದ ಕೈ ಅವರ ಸೊಂಟಕ್ಕೆ. ದಿನಾ ಬೆಳಿಗ್ಗೆ ಒಂದು ಮಾತ್ರೆ ತೆಗೆದು, ಭಿಕ್ಷೆ ಹಾಕುವ ಹಾಗೆ ನನ್ನ ಅಂಗೈಗೆ ಹಾಕುತ್ತಿದ್ದರು. ತಮ್ಮ ಪ್ಲಾಸ್ಟಿಕ್ ಡಬ್ಬ ಮಾತ್ರ ಬಾಯಿ ತೆರೆದುಕೊಂಡು ಕಪಾಟಿನಲ್ಲೇ ಇತ್ತು.

ಮಾವನವರು ಗೆದ್ದರು ಅಂದುಕೊಂಡಿರಬೇಕು. ಆದರೆ ಸುಳ್ಳಿಗೂ ಒಂದು ಪೇಚಾಟ ಇರುತ್ತದಲ್ಲ. ಆಮೇಲೆ ಗೊತ್ತಾದ ಹಾಗೆ, ಅವರು ಭಾಷಣವಿದೆ ಎಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿ ದೂರದ ಊರಿನ ಮನೋವೈದ್ಯರ ಹತ್ತಿರ ಹೋಗುತ್ತಿದ್ದರು. ಈಗ ಸೊಂಟ ಹಿಡಿದವರನ್ನು ಒಬ್ಬರೇ ಯಾರು ಕಳಿಸುತ್ತಾರೆ? ಆಸ್ಪತ್ರೆಯಿಂದ ಹೊರಡುವಾಗ ಅಲ್ಲಿನ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ತಕ್ಷಣ ಮನೋವೈದ್ಯರನ್ನು ನೋಡಿ, ತಾವಾಗಿ ಮತ್ತೆ ಶುರು ಮಾಡಬೇಡಿ, ಹಾಗೆಂದು ಏನೂ ಇಲ್ಲದೆ ಇರಲೂ ಬೇಡಿ ಎಂದು. "ಅದೆಲ್ಲ ಸೊಸೆಗೆ ಹೇಳಿ" ಎಂದು ಅದನ್ನೂ ನನ್ನ ತಲೆಗೆ ಕಟ್ಟಿ ಬಂದಿದ್ದರು. ನಾನು ಗಂಡನಿಗೆ ಹೇಳಿದೆ, ಅತ್ತೆಗೆ ಹೇಳಿದೆ. "ಅವರಿಗೇನಾಗಿದೆ?" ಎಂದರು.

ಆಗುವುದು ಕಣ್ಣೆದುರೇ ಆಗುತ್ತಿತ್ತು. ಮೊದಲು ಪೇಪರ್ ಓದುವುದು ನಿಂತಿತು. ಆಮೇಲೆ ಗಡ್ಡ ಹೆರೆಯುವುದು ನಿಂತಿತು. ಗೋಡೆಯ ಮೇಲಿನ ಫೋಟೋಕ್ಕೆ ಬೆನ್ನು ಹಾಕಿ ಮಲಗುತ್ತಿದ್ದರು. "ವಯಸ್ಸು ಕಣೇ" ಎಂದು ಅತ್ತೆ ಟಾನಿಕ್ಕು ಕುಡಿಸಿದರು.

ಒಂದು ದಿನ ಮಧ್ಯಾಹ್ನ ಅವರು ನನ್ನ ಲ್ಯಾಬಿಗೆ ಬಂದರು. ನಾನು ಕೆಲಸದ ಮೇಜಿನ ಮುಂದೆ ಯಾರದೋ ಕೆಳದವಡೆಗೆ ಮೇಣ ಕಾಯಿಸುತ್ತಿದ್ದೆ. ಸುತ್ತ ಶೆಲ್ಫಿನ ತುಂಬ ಪ್ಲಾಸ್ಟರಿನ ದವಡೆಗಳು. ಮಾವನವರು ಆ ದವಡೆಗಳ ನಡುವೆ ಸ್ಟೂಲಿನ ಮೇಲೆ ಕೂತರು. ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡಿದ್ದರು.

"ಸೆಟ್ಟು ಚುಚ್ಚುತ್ತಾ ಇದೆ" ಎಂದರು.

"ತೆಗೆದು ಕೊಡಿ, ಉಜ್ಜಿ ಕೊಡ್ತೀನಿ."

ತೆಗೆಯಲಿಲ್ಲ. ಬಾಗಿಲ ಕಡೆ ನೋಡಿದರು. "ನಿನ್ನ ಮಾತ್ರೆ... ಆ ಬೀರು... ನಿಂಗೆ ಬೇರೆ ಇದ್ಯಾ? ಬ್ಯಾಗಲ್ಲಿ?"

ನನಗೆ ನಗು ಬಂತು, ಕೆಟ್ಟ ನಗು. "ಯಾಕೆ ಮಾವ, ತಣ್ಣೀರು ಸ್ನಾನ ಮಾಡಿ."

ಅವರು ತೊಡೆಯ ಮೇಲಿದ್ದ ಕೈಗಳನ್ನೇ ನೋಡುತ್ತಾ, "ಬೆಳಿಗ್ಗೆ ಎದ್ದರೆ ಮತ್ತೆ ಸಂಜೆ ತನಕ ಇರಬೇಕಲ್ಲ ಅನ್ನಿಸುತ್ತೆ ಕಣಮ್ಮ" ಎಂದರು. ಮತ್ತೆ ಕೇಳಿದರು, "ಒಟ್ಟು ಎಷ್ಟಿದೆ ನಿನ್ನ ಹತ್ರ?"

ಒಂದು ಮಾತ್ರೆ ಬೇಕಾದವರು ಕೇಳುವ ಪ್ರಶ್ನೆ ಅದಲ್ಲ.  ನಾನು ಆ ಹಾಸಿಗೆಯಲ್ಲಿ ಬಿದ್ದಿದ್ದ ವರ್ಷ ನನಗೂ ಅಂಥ ಪ್ರಶ್ನೆಗಳೇ ಬರುತ್ತಿದ್ದವು. ಬರ್ನರ್ ಆರಿಸಿ ಅವರ ಎದುರು ಬಂದು ನಿಂತೆ.

"ಮಾವ, ಸಾಯಬೇಕು ಅನ್ನಿಸ್ತಾ ಇದೆಯಾ?"

ಅವರು ತಲೆ ಎತ್ತಲಿಲ್ಲ. ಹೌದೆಂದು ತಲೆ ಅಲ್ಲಾಡಿತು.

ಅವರ ನೋವು ನಿಜವಾದದ್ದು. ನನ್ನದೇ ನೋವು ಅದು, ನನಗೆ ಅದರ ಮೂಲೆ ಮೂಲೆಯೂ ಗೊತ್ತು. ಅದಕ್ಕೇ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು. ಇದೇ ನೋವು ತಮ್ಮೊಳಗೆ ಇಟ್ಟುಕೊಂಡು ನನ್ನನ್ನು ಸಭೆ ಸಭೆಯಲ್ಲಿ ಹರಾಜು ಹಾಕಿದರಲ್ಲ ಈ ಮನುಷ್ಯ! ಗೊತ್ತಿಲ್ಲದವರು ನಕ್ಕರೆ ಬಿಡಬಹುದು. ಇವರು ಎಲ್ಲ ಗೊತ್ತಿದ್ದೂ ನಕ್ಕರು.

"ಒಂದೂ ಕೊಡಲ್ಲ" ಎಂದೆ. "ಏಳಿ. ನನ್ನ ಡಾಕ್ಟ್ರ ಹತ್ರ ಹೋಗೋಣ, ಈಗಲೇ."

"ಅಲ್ಲಿ ಗೊತ್ತಿರೋರು ಯಾರಾದ್ರೂ..."

"ಇರ್ತಾರೆ. ನಾನು ಅಲ್ಲಿ ಕಾಯೋ ಬೆಂಚಲ್ಲಿ ಇಷ್ಟು ದಿನ ಕೂತಿಲ್ವಾ? ನೀವು ಕೂತ್ರೆ ಬೆಂಚು ಮುರಿಯಲ್ಲ."

ಲ್ಯಾಬಿಗೆ ಬೀಗ ಹಾಕಿ, ಅವರ ತೋಳು ಬಿಡದೆ ಆಟೋದಲ್ಲಿ ಕೂರಿಸಿದೆ. ದಾರಿಯಲ್ಲಿ ಗಂಡನಿಗೆ ಫೋನು ಮಾಡಿದೆ. "ಅಂಗಡಿ ಮುಚ್ಚಿ. ಮೊದಲು ಮನೆಗೆ ಹೋಗಿ ಅತ್ತೆಯ ಆ ಔಷಧಿ ಡಬ್ಬ ಎತ್ತಿಕೊಳ್ಳಿ, ಒಂದು ಮಾತ್ರೆನೂ ಮನೇಲಿ ಬಿಡಬೇಡಿ. ಅತ್ತೆನೂ ಕರಕೊಂಡು ನನ್ನ ಡಾಕ್ಟ್ರ ಆಸ್ಪತ್ರೆಗೆ ಬನ್ನಿ. ಯಾಕೆ ಅಂತ ಕೇಳಿದ್ರೆ ಜೋಕೆ." ಅವರು ಕೇಳಲಿಲ್ಲ.

ಆ ಬೆಂಚಿನಲ್ಲಿ ನಾವು ನಾಲ್ವರೂ ಸಾಲಾಗಿ ಕೂತೆವು. ಅತ್ತೆಯ ತೊಡೆಯ ಮೇಲೆ ಅವರ ಪ್ಲಾಸ್ಟಿಕ್ ಡಬ್ಬ. ಎದುರು ಬೆಂಚಿನಲ್ಲಿ ಮಾವನವರ ಶಾಲೆಯಲ್ಲೇ ಓದಿದವನೊಬ್ಬ ಇದ್ದ. ಎದ್ದು ನಿಂತು, "ನಮಸ್ಕಾರ ಸಾರ್" ಎಂದು ಮತ್ತೆ ಕೂತ. ಅಷ್ಟೇ. ಆಕಾಶ ಕಳಚಿ ಬೀಳಲಿಲ್ಲ.

ಒಳಗೆ ಹೋದಾಗ ಡಾಕ್ಟರು ನನ್ನ ಮುಖ ನೋಡಿ, ಆಮೇಲೆ ಮಾವನವರನ್ನು ನೋಡಿದರು. ನಾವು ಹೊರಗಿರಬೇಕೇ ಎಂದು ಕೇಳಿದೆ. ಮಾವನವರು ನನ್ನ ಸೆರಗಿನ ತುದಿ ಹಿಡಿದುಕೊಂಡಿದ್ದರು, ಎಲ್ಲರೂ ಒಳಗೇ ಉಳಿದೆವು.

"ಹೇಳಿ, ಇದಕ್ಕೆ ಮುಂಚೆ ಯಾವ ಮಾತ್ರೆ ತಗೊಳ್ತಿದ್ರಿ?"

ಮಾವನವರು ನನ್ನ ಕಡೆ ತಿರುಗಿದರು. "ನೀನೇ ಹೇಳಮ್ಮ."

ನನಗೆ ಹೆಸರು ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಮತ್ತೊಮ್ಮೆ ನನ್ನ ಬಾಯಿಂದಲೇ ಹೊರಬಿದ್ದರೆ ಮನೆಗೆ ಹೋದ ಮೇಲೆ ಮತ್ತೊಂದು ಕಥೆ ಕಟ್ಟುತ್ತಾರೆ, ಮತ್ತೆ ಔಷಧಿ ಬಿಡುತ್ತಾರೆ, ಆಗ ಯಾರ ಲ್ಯಾಬಿಗೆ ಹೋಗಿ ಎಷ್ಟಿದೆ ಎಂದು ಕೇಳುತ್ತಾರೋ.

"ಹಲ್ಲು ಕಟ್ಟಿಕೊಟ್ಟಿದ್ದೀನಿ ಮಾವ. ಬಾಯಿ ನಿಮ್ಮದು, ನೀವೇ ಹೇಳಿ."

ಅವರು ಹೇಳಿದರು. ಮೈಕಿಲ್ಲದೆ ಸಭೆ ತುಂಬುತ್ತಿದ್ದ ದನಿ ಮೇಜಿನ ಆಚೆಗೂ ಹೋಗಲಿಲ್ಲ. ಡಾಕ್ಟರು, "ಸ್ವಲ್ಪ ಜೋರಾಗಿ ಹೇಳಿ" ಎಂದರು. ಎರಡನೇ ಸಲ ಜೋರಾಗಿ ಹೇಳಿದರು. ಯಾವ ಮಾತ್ರೆ, ಎಷ್ಟು ವರ್ಷದಿಂದ, ಭಾಷಣದ ದಿನ ಹೆಚ್ಚಿಗೆ ನುಂಗಿದ್ದು, ಕ್ಲಿನಿಕ್ಕಿನಲ್ಲಿ ಮುಚ್ಚಿಟ್ಟಿದ್ದು, ಈಗ ಎಲ್ಲ ಮುಗಿಸಿಬಿಡಬೇಕು ಅನ್ನಿಸುವುದು. ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಡಾಕ್ಟರು ಅವರನ್ನು ಕೆಲವು ದಿನ ಅಲ್ಲೇ ಉಳಿಸಿಕೊಳ್ಳುತ್ತೇನೆಂದರು. ಔಷಧಿಯನ್ನು ಇನ್ನು ಮುಂದೆ ಬೀಗದಲ್ಲಿಡಿ, ಒಬ್ಬರ ಜವಾಬ್ದಾರಿಯಲ್ಲಿರಲಿ ಎಂದು ನಮಗೆ ಹೇಳಿದರು. ಪ್ಲಾಸ್ಟಿಕ್ ಡಬ್ಬವನ್ನು ನರ್ಸಿನ ಕೈಗೆ ಕೊಟ್ಟು, "ಇದನ್ನ ಮನೆಗೆ ವಾಪಸ್ ಕೊಡಬೇಡಿ" ಎಂದರು.

ಕಾರಿಡಾರಿನಲ್ಲಿ ನನ್ನ ಗಂಡ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು.

"ಹಾಗಾದ್ರೆ ಅವತ್ತು ಅದು ನಿಂದಲ್ವಾ?" ಎಂದರು ಅತ್ತೆ ಕೊನೆಗೆ.

"ಅಲ್ಲ ಅಂತ ಅವತ್ತೇ ಹೇಳಿದ್ದೆ."

ತಪ್ಪಾಯಿತು ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಿಗೂ ಹಿಡಿಸುವುದಿಲ್ಲ. ಅದಕ್ಕೆ ಅಳತೆಯ ಅಚ್ಚು ನನ್ನ ಹತ್ತಿರವೂ ಇಲ್ಲ. ಅತ್ತೆ ಸೊಂಟಕ್ಕೆ ಕೈ ಹಾಕಿ ಬೀರುವಿನ ಬೀಗದ ಕೈ ಬಿಚ್ಚಿದರು. ನನ್ನ ಅಂಗೈ ತಾವೇ ಎಳೆದು ಬಿಡಿಸಿ, ದಿನಾ ಬೆಳಿಗ್ಗೆ ಮಾತ್ರೆ ಹಾಕುತ್ತಿದ್ದ ಜಾಗದಲ್ಲೇ ಅದನ್ನಿಟ್ಟರು.

"ಅವರದ್ದೂ ನೀನೇ ಕೊಡು" ಎಂದರು.